ಕಿವಿ ಗುಂಪು

ಬೆಳಗಿನ ಏಳೂಕಾಲಕ್ಕೆ, ರಕ್ತ ತೆಗೆಯುವ ಕಿಟಕಿಯೆದುರಿನ ನೀಲಿ ಕುರ್ಚಿಯಲ್ಲಿ ನಲವತ್ತೇಳನೇ ನಂಬರಿನ ಚೀಟಿ ಹಿಡಿದು ಕುಳಿತಿದ್ದ ಕ್ವಾಂಗ್ ದೆಲಿನ್‌ಗೆ ತನ್ನ ಎಡಗಿವಿ ಸುಡುತ್ತಿದೆ ಅನ್ನಿಸಿತು. ಒತ್ತಿಕೊಂಡದ್ದಕ್ಕಲ್ಲ. ಒತ್ತಿಕೊಂಡು ಒಂಬತ್ತು ದಿನ ಆಗಿಹೋಗಿತ್ತು. ಕಿವಿಯ ಬಟ್ಟಲೊಳಗೆ ಐದು ಪುಟ್ಟ ಅಂಟುಪಟ್ಟಿಗಳು, ಒಂದೊಂದರ ಅಡಿಯಲ್ಲೂ ಸಾಸಿವೆಯಂಥ ಒಂದು ಕರಿಯ ಬೀಜ. ದಿನಕ್ಕೆ ನಾಲ್ಕು ಸಲ, ಒಂದೊಂದು ಬೀಜವನ್ನೂ ನೋವು ಹತ್ತುವ ತನಕ, ಕಿವಿ ಕೆಂಪಾಗುವ ತನಕ ಒತ್ತಬೇಕು. ಮೂರು ದಿನಕ್ಕೊಮ್ಮೆ ಕಿತ್ತು ಇನ್ನೊಂದು ಕಿವಿಗೆ ಹೊಸದನ್ನು ಅಂಟಿಸಿಕೊಳ್ಳಬೇಕು. ಒಂಬತ್ತು ದಿನದಿಂದ ಅವನು ಎರಡನ್ನೂ ಮಾಡಿರಲಿಲ್ಲ. ಪಟ್ಟಿಗಳ ಅಂಚು ಎದ್ದು ಕೊಳೆ ಹಿಡಿದಿತ್ತು. ಮುಟ್ಟಿದರೆ ಹಳೆಯ ಗಾಯದ ಹಕ್ಕಳೆಯ ಹಾಗೆ ಬೆರಳಿಗೆ ತಡೆಯುತ್ತಿತ್ತು. ಹಾಗಾದರೆ ಈ ಬಿಸಿ ಎಲ್ಲಿಂದ? ಪಕ್ಕದಲ್ಲಿ ಕುಳಿತ ಹೆಂಗಸು ತನ್ನ ಕಿವಿಯನ್ನೇ ನೋಡುತ್ತಿದ್ದಾಳೆ ಎಂದು ಅವನು ಮುಖ ತಿರುಗಿಸಿದ. ಅವಳು ಅವನ ಹಿಂದಿನ ಗೋಡೆಯಲ್ಲಿ ಬದಲಾಗುತ್ತಿದ್ದ ಕೆಂಪು ನಂಬರನ್ನು ನೋಡುತ್ತಿದ್ದಳು.

ಕಿಟಕಿಯೊಳಗಿನ ಯಂತ್ರ ಹೆಣ್ಣುದನಿಯಲ್ಲಿ ನಲವತ್ತೊಂದನ್ನು ಕರೆಯಿತು. ಯಾವ ಭಾವವೂ ಇಲ್ಲದ, ಉಸಿರೇ ಎಳೆದುಕೊಳ್ಳದ ದನಿ. ಕ್ವಾಂಗ್‌ನ ಗಂಟಲು ತಾನಾಗಿ ಒಮ್ಮೆ ಅಲುಗಿತು. ಯಾವ ದನಿ ಕಿವಿಗೆ ಬಿದ್ದರೂ ಅವನ ಗಂಟಲು ಹೀಗೆ ಅದನ್ನು ಅಳತೆ ಹಾಕಿ ನೋಡುತ್ತಿತ್ತು, ದರ್ಜಿ ಕಣ್ಣಲ್ಲೇ ಮೈ ಅಳೆಯುವ ಹಾಗೆ. ಚಾಂಗ್‌ಶಾ ನಗರದ ದೂರದೂರುಗಳ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಮೈಕಿನ ಮುಂದೆ ಕುಳಿತವನು ಅವನು. ಇಂಥ ಬಸ್ಸು ಇಂಥ ಬಾಗಿಲಿಂದ ಇಂಥ ಹೊತ್ತಿಗೆ. ಅದು ಸಂಬಳದ ದನಿ. ಮೈಕು ಆರಿಸಿದ ಮೇಲಿನದು ಅವನ ಸ್ವಂತದ್ದು: ನಿಲ್ದಾಣದ ಮುಖ್ಯಸ್ಥ ಕೆಮ್ಮುವುದು, ಟಿಕೆಟ್ಟಿನ ಹೆಂಗಸರು ಜಗಳವಾಡುವುದು, ಹಿಮ್ಮುಖವಾಗಿ ಬರುವ ಬಸ್ಸು ಪೀಂ ಪೀಂ ಎನ್ನುವುದು. ಸ್ವಂತದ್ದು ಎಂದರೂ ಅದರಲ್ಲಿ ಒಂದೂ ಅವನದಲ್ಲ. ಅವನು ಮಾಡಿದ್ದಕ್ಕೆಲ್ಲ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಡ್ರೈವರ್ ನಿಂಗ್ ಮಾವ್‌ಶೆಂಗ್. ನಕ್ಕು ಕಣ್ಣೊರೆಸಿಕೊಂಡು, ಬಸ್ಸು ಹತ್ತಿ ಕುಳಿತು, ಕ್ವಾಂಗ್‌ನ ದನಿ ಲೌಡ್‌ಸ್ಪೀಕರಿನಲ್ಲಿ ಹೊರಡು ಎನ್ನುವ ತನಕ ಕಾಯುತ್ತಿದ್ದ. ಗಡಿಯಾರ ನೋಡುತ್ತಿರಲಿಲ್ಲ. ಲೌಡ್‌ಸ್ಪೀಕರಿನಲ್ಲಿ ಬಂದದ್ದು ನಿಂಗ್‌ಗೆ ಆಜ್ಞೆ.

ಈಗ ನಿಂಗ್ ಇದೇ ಆಸ್ಪತ್ರೆಯ ಏಳನೇ ಮಹಡಿಯಲ್ಲಿ ಮಲಗಿದ್ದಾನೆ. ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ಹೋಗಿದೆ. ಕಳೆದ ವಾರದ ಬುಧವಾರ ತರಕಾರಿ ಸಂತೆಯಲ್ಲಿ ಮೂಲಂಗಿ ಎತ್ತಿ ಹಿಡಿದು ಚೌಕಾಸಿ ಮಾಡುತ್ತಿದ್ದವನ ಕೈಯಿಂದ ಮೊದಲು ಮೂಲಂಗಿ ಜಾರಿತಂತೆ, ಆಮೇಲೆ ಮಾತು, ಆಮೇಲೆ ಅವನೇ. ಮಿದುಳಿನ ಒಂದು ನಾಳ ಕಟ್ಟಿಕೊಂಡಿದೆ ಎಂದರು ಡಾಕ್ಟರು. ಮಾತ್ರೆ ಬಿಟ್ಟದ್ದಕ್ಕೇನಾ ಎಂದು ನಿಂಗ್‌ನ ಹೆಂಡತಿ ಯೂಮೇ ಕೇಳಿದ್ದಕ್ಕೆ, ಬಿಡಬಾರದಿತ್ತು, ಆದರೆ ಅದರಿಂದಲೇ ಎಂದು ಹೇಳಲಾಗದು ಎಂದರು. ಕ್ವಾಂಗ್ ಆ ಕೊನೆಯ ಮಾತನ್ನು ಒಂಬತ್ತು ದಿನದಿಂದ ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದ. ಹೇಳಲಾಗದು. ಹೇಳಲಾಗದು. ಅದರ ರಸವೆಲ್ಲ ಹೋಗಿ ಈಗ ಬರೀ ನಾರು ಉಳಿದಿತ್ತು.

ಇಬ್ಬರೂ ಒಟ್ಟಿಗೇ ಬಂದು ಹೆಸರು ಕೊಟ್ಟಿದ್ದರು, ಹನ್ನೆರಡು ವಾರದ ಹಿಂದೆ. ಆಸ್ಪತ್ರೆಯವರದೊಂದು ಅಧ್ಯಯನ: ರಕ್ತದಲ್ಲಿ ಕೊಬ್ಬು ಹೆಚ್ಚಿದವರಿಗೆ ಮಾತ್ರೆಯೊಂದನ್ನೇ ಕೊಟ್ಟರೆ ಎಷ್ಟು ಇಳಿಯುತ್ತದೆ, ಮಾತ್ರೆಯ ಜೊತೆಗೆ ಕಿವಿಯನ್ನೂ ಒತ್ತಿದರೆ ಎಷ್ಟು ಇಳಿಯುತ್ತದೆ. ಹಂದಿಯ ತುಪ್ಪದಲ್ಲಿ ಕಲಸಿದ ಅಕ್ಕಿ ಶಾವಿಗೆಯನ್ನು ನಲವತ್ತು ವರ್ಷ ಒಂದೇ ಅಂಗಡಿಯಲ್ಲಿ ಎದುರುಬದುರು ಕುಳಿತು ತಿಂದವರು, ಇಬ್ಬರ ಕೊಬ್ಬೂ ಹೆಚ್ಚುಕಡಿಮೆ ಸಮ ಇತ್ತು. ನರ್ಸ್ ತಾವ್ ಮುಚ್ಚಿದ ಲಕೋಟೆಗಳ ಪೆಟ್ಟಿಗೆ ಮುಂದೆ ಹಿಡಿದಳು. ಕ್ವಾಂಗ್‌ಗೆ ಎರಡೂ ಬಂತು, ನಿಂಗ್‌ಗೆ ಮಾತ್ರೆಯೊಂದೇ. ಕಾಗದದ ಮೇಲೆ ಆ ಗುಂಪುಗಳಿಗೆ ಉದ್ದುದ್ದದ ಹೆಸರುಗಳಿದ್ದವು. ಹೊರಗೆ ಕಾಯುವ ಬೆಂಚಿನ ಮೇಲೆ ಅವು ಅರ್ಧ ದಿನವೂ ಬಾಳಲಿಲ್ಲ. ನೀನು ಕಿವಿ ಗುಂಪೋ ಮಾತ್ರೆ ಗುಂಪೋ ಎಂದು ಎಲ್ಲರೂ ಕೇಳತೊಡಗಿದರು. ಕಿವಿ ಗುಂಪಿನವರೂ ದಿನಾ ಸಂಜೆ ಊಟದ ಮೇಲೆ ಮಾತ್ರೆ ನುಂಗುತ್ತಿದ್ದರು, ಆದರೆ ಅದನ್ನು ಯಾರೂ ಹೇಳಿಕೊಳ್ಳುತ್ತಿರಲಿಲ್ಲ. ಹೇಳಿಕೊಳ್ಳಲು ಅದರಲ್ಲೇನಿದೆ? ಕ್ವಾಂಗ್ ಅಂತೂ ಶಾವಿಗೆ ಅಂಗಡಿಯಲ್ಲಿ ಕಿವಿಯನ್ನು ಬೆಳಕಿಗೆ ತಿರುಗಿಸಿಯೇ ಕೂರುತ್ತಿದ್ದ.

"ಏನೋ ಅದು, ಕಿವಿ ತುಂಬ ನೊಣ ಕೂತ ಹಾಗೆ?" ಎಂದಿದ್ದ ನಿಂಗ್.

"ಈ ಬೀಜದ ಹೆಸರು ಗೊತ್ತೇನೋ ನಿನಗೆ? 'ಅರಸ ತಡೆದರೂ ನಿಲ್ಲದ್ದು' ಅಂತ. ರಕ್ತ ಎಲ್ಲೂ ನಿಲ್ಲಬಾರದು, ಹರೀತಾನೇ ಇರಬೇಕು."

"ಅರಸನ ಮಾತೇ ಕೇಳದ ಬೀಜ, ನಿನ್ನಂಥ ಲೌಡ್‌ಸ್ಪೀಕರ್ ಮಾತು ಕೇಳುತ್ತಾ?"

"ನಿನಗೇನೋ ಗೊತ್ತು, ಮಾತ್ರೆ ಗುಂಪಿನೋನೆ. ಲಕೋಟೆ ಕೂಡ ಮುಖ ನೋಡಿ ಬರುತ್ತೆ."

ನಿಂಗ್ ನಕ್ಕಿದ್ದ. ಆದರೆ ಎಲ್ಲರಿಗಿಂತ ಮೊದಲು ನಗುವವನು ಅವತ್ತು ಒಂದು ಗಳಿಗೆ ತಡೆದು ನಕ್ಕಿದ್ದ. ಆ ಒಂದು ಗಳಿಗೆಯನ್ನು ಕ್ವಾಂಗ್ ಗಮನಿಸಿದ್ದ, ಅದರಿಂದ ಖುಷಿಯೂ ಪಟ್ಟಿದ್ದ. ರಕ್ತ ಪರೀಕ್ಷೆಯಲ್ಲಿ ಸಿಗುವ ಕೊಬ್ಬು ಒಂದು. ಸಿಗದಿರುವುದು ಇನ್ನೊಂದು.

"ನಲವತ್ತೇಳು," ಎಂದಿತು ಯಂತ್ರ. ಅವನು ಅಂಗಿಯ ತೋಳು ಮಡಚಿ ಕೈಯನ್ನು ಕಿಟಕಿಯೊಳಗೆ ಚಾಚಿದ. ಸೂಜಿ ಹೋದದ್ದು ತಿಳಿಯಲಿಲ್ಲ. ಕೊಳವೆಯಲ್ಲಿ ಏರುತ್ತಿದ್ದ ಕಡುಗೆಂಪನ್ನು ಕಂಡು, ಇದರಲ್ಲಿ ಎಲ್ಲ ಇರುತ್ತದೆಯೇ, ಇವರು ಇದನ್ನು ಗಿರಗಿರ ತಿರುಗಿಸಿ ಬೆಳಕಿಗೆ ಹಿಡಿದರೆ ಆ ಭಾನುವಾರವೂ ಎಲ್ಲೋ ತಳದಲ್ಲಿ ಕಾಣುತ್ತದೆಯೇ ಅಂದುಕೊಂಡ.

ಆ ಭಾನುವಾರ ಅವನು ಎಂದಿನ ಹಾಗೆ ಹನ್ನೊಂದೂವರೆಗೆ ನಿಂಗ್‌ನ ಕಟ್ಟಡದ ಬಾಗಿಲಲ್ಲಿ ನಿಂತು 402ರ ಗುಂಡಿ ಒತ್ತಿದ್ದ. ಮದುವೆಯಾಗದೆ ಉಳಿದವನಿಗೆ ಭಾನುವಾರದ ಊಟ ಆ ಮನೆಯಲ್ಲಿ, ಇಪ್ಪತ್ತಾರು ವರ್ಷದಿಂದ. ಗುಂಡಿ ಒತ್ತಿ ಹಿಡಿದರೆ ಅದರ ಪಕ್ಕದ ಜಾಲರಿಯಲ್ಲಿ ಮೇಲಿನಿಂದ ಯೂಮೇ, ಯಾರು ಎನ್ನುತ್ತಾಳೆ. ಇವನು, ನಾನು ಎನ್ನುತ್ತಾನೆ. ಬಾಗಿಲು ಟಕ್ಕೆಂದು ಬಿಚ್ಚಿಕೊಳ್ಳುತ್ತದೆ. ಅವತ್ತು ಯಾರು ಎಂದದ್ದು ನಿಂಗ್. ನಾನು ಎನ್ನಲು ಬಾಯಿ ತೆರೆದವನ ಬಾಯಿಂದ ನರ್ಸ್ ತಾವ್ ಹೊರಗೆ ಬಂದಳು. ಮೊದಲೇ ಯೋಚಿಸಿರಲಿಲ್ಲ, ಆಣೆಯಿಟ್ಟು ಹೇಳಬಲ್ಲ. ಎರಡು ದಿನದ ಹಿಂದಷ್ಟೇ ಎಂಟನೇ ವಾರದ ಭೇಟಿಯಲ್ಲಿ ಅವಳ ದನಿ ಕೇಳಿದ್ದ, ಅದು ಗಂಟಲಲ್ಲಿ ಇನ್ನೂ ಹಸಿಯಾಗಿತ್ತು. ತಾವ್ ಬೆಟ್ಟದ ಕಡೆಯವಳು. ಅವಳ ಊರಿನವರ ನಾಲಿಗೆಗೆ ಮಾತಿನ ಮೊದಲ ನಕಾರ ಲಕಾರವಾಗಿಯೇ ಹೊರಳುತ್ತದೆ. ದುಡಿದು ನಿವೃತ್ತರಾದವರನ್ನೆಲ್ಲ ಅವಳು ಗೌರವಕ್ಕೆ ಶಿಫು ಎಂದೇ ಕರೆಯುತ್ತಾಳೆ. "ಲಿಂಗ್ ಶಿಫು, ಲಾನು, ಆಸ್ಪತ್ರೆಯ ತಾವ್," ಎಂದ. "ಹೀಗೇ ಹೋಗ್ತಾ ಇದ್ದೆ. ಲಿಮ್ಮ ಗುಂಪು ಬದಲಾಗಿದೆ. ಇವತ್ತಿಂದ ಲೀವು ಕಿವಿ ಗುಂಪು. ಬೀಜದ ಹಾಳೆ ಹಾಲಿನ ಡಬ್ಬದಲ್ಲಿ ಇಟ್ಟಿದೀನಿ. ದಿನಕ್ಕೆ ಲಾಲ್ಕು ಸಲ ಒತ್ತಿ, ಲೋವು ಬರಬೇಕು. ಯಾರಿಗೂ ಹೇಳ್ಬೇಡಿ, ಬೇರೆಯವರು ಹೊಟ್ಟೆ ಉರ್ಕೋತಾರೆ." ತಾವ್ ಯಾವತ್ತೂ ಹೇಳುವ ಇನ್ನೊಂದು ಮಾತಿತ್ತು. ಎಲ್ಲ ಮುಗಿದ ಮೇಲೆ, ರೋಗಿ ಎದ್ದು ಬಾಗಿಲ ತನಕ ಹೋದ ಮೇಲೆ, ಬೆನ್ನಿಗೆ ಎಸೆಯುವ ಮಾತು: ಮಾತ್ರೆ ಲಿಲ್ಲಿಸ್ಬೇಡಿ. ಅದನ್ನೂ ಹೇಳುವವನೇ ಇದ್ದ. ಅಷ್ಟರಲ್ಲಿ ನಗು ಉಕ್ಕಿಬಂತು. ಗುಂಡಿಯಿಂದ ಬೆರಳು ತೆಗೆದ.

ಜೇಬಿನಲ್ಲಿದ್ದ ತನ್ನ ಹೆಚ್ಚುವರಿ ಹಾಳೆಯನ್ನು ಬಾಗಿಲ ಪಕ್ಕದ ಗೋಡೆಯಲ್ಲಿದ್ದ 402ರ ಹಾಲಿನ ಡಬ್ಬಕ್ಕೆ ತುರುಕಿ ಕರ್ಪೂರದ ಮರದ ಹಿಂದೆ ಹೋಗಿ ನಿಂತ. ನಿಂಗ್ ಇಳಿದು ಬರುತ್ತಾನೆ, ಡಬ್ಬ ತೆರೆಯುತ್ತಾನೆ, ಆಗ ಮರದ ಹಿಂದಿನಿಂದ ಅದೇ ದನಿಯಲ್ಲಿ ಕರೆಯುವುದು, ಇಬ್ಬರೂ ಬಿದ್ದುಬಿದ್ದು ನಗುವುದು. ಕಿವಿಗೆ ಹೂವಿಡುವ ಬದಲು ಬೀಜವಿಟ್ಟೆ ನೋಡೋ ಎನ್ನುವುದು. ನಿಂಗ್ ಚಪ್ಪಲಿಯಲ್ಲೇ ಇಳಿದು ಬಂದ. ಡಬ್ಬ ತೆರೆದ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಬೀಜಗಳನ್ನು ಬಿಸಿಲಿಗೆ ಎತ್ತಿ ನೋಡಿದ. ನಿವೃತ್ತಿಯ ದಿನ ಹೂಮಾಲೆ ಹಾಕಿದಾಗಲೂ ಅವನ ಮುಖ ಹಾಗಾಗಿರಲಿಲ್ಲ. ಯಾರೋ ತನ್ನ ಮನೆ ಹುಡುಕಿಕೊಂಡು ಬಂದಿದ್ದಾರೆ, ಪಟ್ಟಿಯಲ್ಲಿ ತನ್ನ ಹೆಸರು ಮೇಲಕ್ಕೆ ಹೋಗಿದೆ. ಹಾಳೆಯನ್ನು ಅಂಗಿಯ ಜೇಬಿನಲ್ಲಿಟ್ಟು, ಜೇಬಿನ ಗುಂಡಿ ಹಾಕಿಕೊಂಡು, ಗುಂಡಿ ಸರಿಯಾಗಿ ಕೂತಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿ ಒಳಗೆ ಹೋದ. ಮರದ ಹಿಂದೆ ಕ್ವಾಂಗ್‌ನ ಬಾಯಿ ತೆರೆದೇ ಇತ್ತು. ಹತ್ತು ನಿಮಿಷದ ಮೇಲೆ ಮತ್ತೆ ಗುಂಡಿ ಒತ್ತಿ, ನಾನು ಎಂದ. ಊಟಕ್ಕೆ ಮೆಣಸಿನಕಾಯಿ ಹಾಕಿದ ಮೀನಿನ ತಲೆ ಇತ್ತು. ನಿಂಗ್ ಇಡೀ ಊಟ ಒಂದು ಗುಟ್ಟು ಇಟ್ಟುಕೊಂಡವನ ಹಾಗೆ ಮುಗುಳ್ನಗುತ್ತಿದ್ದ, ಯೂಮೇ ಅವನ ಕಡೆ ಕಣ್ಣು ಮಿಟುಕಿಸುತ್ತಿದ್ದಳು. ತನ್ನಿಂದ ಬಚ್ಚಿಡುತ್ತಿದ್ದಾರೆ ಎಂಬುದು ಕ್ವಾಂಗ್‌ಗೆ ಎಷ್ಟು ವಿಚಿತ್ರವಾಗಿ ಚುಚ್ಚಿತೆಂದರೆ, ಹೇಳುವುದು ಅವನಿಗೇ ಮರೆತುಹೋಯಿತು. ಮರೆತದ್ದಲ್ಲ. ಮೀನು ಚೆನ್ನಾಗಿತ್ತು.

ಎರಡನೇ ಭಾನುವಾರ ನಿಂಗ್ ಮನೆಯೊಳಗೂ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಕುಳಿತಿದ್ದ. ಮೂರನೆಯದಕ್ಕೆ ತಡೆಯಲಾಗದೆ ಟೋಪಿ ಕಿತ್ತು ಎಸೆದ.

"ನೋಡೋ ಇಲ್ಲಿ! ನೀನೊಬ್ಬನೇ ಅಂದ್ಕೊಂಡಿದ್ಯಾ? ನರ್ಸು ಮನೆ ಬಾಗಿಲಿಗೆ ಬಂದು ಕೊಟ್ಟು ಹೋದ್ಲು. ನಿನಗೆ ಮನೆಗೆ ಬಂದು ಕೊಟ್ಟಳೇನೋ?"

"ಇಲ್ಲ," ಎಂದ ಕ್ವಾಂಗ್.

"ಈಗ ನಾನೂ ಕಿವಿ ಗುಂಪು. ಮಾತ್ರೆಗೆ ಒಂದು ದೊಡ್ಡ ನಮಸ್ಕಾರ. ಹದಿನೈದು ದಿನ ಆಯ್ತು, ಒಂದೂ ಮುಟ್ಟಿಲ್ಲ. ಮೈ ಎಷ್ಟು ಹಗುರ ಗೊತ್ತಾ?"

ಆಗ ಗೊತ್ತಾಗಿತ್ತು. ಮೀನಿನ ಮುಳ್ಳು ಸಿಕ್ಕಿಕೊಂಡ ಹಾಗೆ, ಸ್ಪಷ್ಟವಾಗಿ, ಇಂಥದೇ ಜಾಗದಲ್ಲಿ. ಲೋ ಪೆದ್ದ, ಕಿವಿ ಗುಂಪಿನವರೂ ಮಾತ್ರೆ ನುಂಗುತ್ತಾರೋ, ನಾನೂ ನಿನ್ನೆ ಸಂಜೆ ನುಂಗಿದ್ದೇನೋ ಎಂದರೆ ಸಾಕಿತ್ತು. ಮುಂದಿನ ಪ್ರಶ್ನೆ, ಹಾಗಾದರೆ ನರ್ಸು ಯಾಕೆ ಹೇಳಲಿಲ್ಲ. ಅದರ ಮುಂದಿನದು, ಬಂದವಳು ನರ್ಸೇ ಹೌದಾ. ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ ಆ ಮುಖದ ಸಂಭ್ರಮವನ್ನು ಅವನಿಂದ ಕಿತ್ತುಕೊಂಡ ಹಾಗಾಗುತ್ತಿತ್ತು. ಶುಕ್ರವಾರ ಹೇಗೂ ಹನ್ನೆರಡನೇ ವಾರ ಬರುತ್ತದೆ, ತಾವ್ ಕೇಳುತ್ತಾಳೆ, ಬೈಯುತ್ತಾಳೆ, ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದ. ಆ ಶುಕ್ರವಾರಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಅದೂ ಅವನಿಗೆ ಗೊತ್ತಿತ್ತು. "ಹ್ಞೂಂ," ಎಂದ. ಮೂವತ್ತೊಂದು ವರ್ಷ ಸಾವಿರ ಜನಕ್ಕೆ ಕೇಳುವಂತೆ ಮಾತಾಡಿದವನು ಜೀವಮಾನದಲ್ಲಿ ಆಡಿದ ಅತಿ ಚಿಕ್ಕ ಪ್ರಕಟಣೆ ಅದು. ನಿಂಗ್ ಅದನ್ನೂ ಆಜ್ಞೆ ಎಂದೇ ತೆಗೆದುಕೊಂಡ. ಮಾತ್ರೆ ಹೋಯಿತು, ಕಿವಿ ಮಾತ್ರ ಉಳಿಯಿತು. ಮೂರು ದಿನಕ್ಕೆ ಮೂಲಂಗಿ ಜಾರಿತು.

ತಾವ್‌ಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಮೇಜಿನ ಮೇಲೆ ಖಾಲಿ ಮಾತ್ರೆಹಾಳೆಗಳನ್ನು ಜೋಡಿಸುತ್ತಿದ್ದಳು. ನುಂಗಿದ ಗುರುತಿಗೆ ಪ್ರತಿಯೊಬ್ಬರೂ ಅವನ್ನು ತಂದೊಪ್ಪಿಸಬೇಕು. ಕ್ವಾಂಗ್ ತನ್ನದನ್ನು ಕೊಟ್ಟ. ಒಂದೂ ತಪ್ಪಿರಲಿಲ್ಲ. ನಿಂಗ್ ಬಿದ್ದ ಸಂಜೆಯೂ ನುಂಗಿದ್ದ. ಅವಳು ಅವನನ್ನು ಕೂರಿಸಿ, ದೀಪ ಹತ್ತಿರಕ್ಕೆಳೆದು, ಚಿಮಟಿಗೆಯಿಂದ ಒಂದೊಂದೇ ಪಟ್ಟಿ ಕಿತ್ತಳು.

"ಒತ್ತೇ ಇಲ್ವಲ್ಲ ಲೀವು."

ಮರುನುಡಿಯುವ ತನ್ನ ಗಂಟಲನ್ನು ಅವನು ಹಲ್ಲು ಕಚ್ಚಿ ಅದುಮಿಕೊಂಡ.

"ಇಲ್ಲ. ನಿಂಗ್ ಬಿದ್ದ ಮೇಲೆ ಆಗ್ಲಿಲ್ಲ."

"ಗೊತ್ತು. ಲನಗೂ ಏನೂ ಕೈಗೂಡ್ತಾ ಇಲ್ಲ." ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಹತ್ತಿಯಿಂದ ಅವನ ಕಿವಿ ಒರೆಸುತ್ತ, ಅವನಿಗಿಂತ ಹೆಚ್ಚಾಗಿ ಅವನ ಕಿವಿಗೇ ಹೇಳುವ ಹಾಗೆ ಹೇಳಿದಳು: "ಇವತ್ತು ಮೂರು ಗಂಟೆಗೆ ಆಡಳಿತದವರು ಕರೆದಿದಾರೆ, ಶಿಫು. ಲಾನು ಲಿಂಗ್ ಶಿಫು ಮನೆಗೆ ಹೋಗಿ ಮಾತ್ರೆ ಬಿಡಿಸಿದೀನಿ ಅಂತ ಅವರ ಹೆಂಡತಿ ದೂರಂತೆ. ಅವರ ಮನೆ ಯಾವ ಬೀದೀಲಿದೆ ಅಂತ್ಲೇ ಲಂಗೆ ಗೊತ್ತಿಲ್ಲ. ಆ ಭಾನುವಾರ ಮನೇಲಿ ಒಬ್ಳೇ ಬಟ್ಟೆ ಒಗೀತಿದ್ದೆ. ಬಟ್ಟೆ ಸಾಕ್ಷಿ ಹೇಳುತ್ತಾ? ಹದಿನಾಲ್ಕು ವರ್ಷದ ಕೆಲಸ." ಹತ್ತಿ ನಿಂತಿತು. "ಲೀವು ಪ್ರತಿ ಸಲ ಕೇಳಿದೀರಲ್ಲ. ಕೊನೇಲಿ ಏನು ಹೇಳ್ತೀನಿ ಲಾನು?"

"ಮಾತ್ರೆ ನಿಲ್ಲಿಸ್ಬೇಡಿ ಅಂತ."

"ಅಷ್ಟು ಬರೆದು ಕೊಡ್ತೀರಾ?"

ಬರೆದುಕೊಟ್ಟ. ಅವಳು ತಂದಿಟ್ಟ ಕಾಗದದ ಮೇಲೆ, ಪ್ರತಿ ಭೇಟಿಯಲ್ಲೂ ನರ್ಸ್ ತಾವ್ ಮಾತ್ರೆ ನಿಲ್ಲಿಸಬೇಡಿ ಎಂದು ತಪ್ಪದೆ ಹೇಳುತ್ತಿದ್ದರು ಎಂದು ದುಂಡಗೆ ಬರೆದು ಸಹಿ ಹಾಕಿದ. ಬರೆಯುವಾಗ ಮೈ ಹಗುರಾಯಿತು. ಇಷ್ಟೇ ಸಾಕಲ್ಲ? ಇವಳೂ ಉಳಿಯುತ್ತಾಳೆ, ಯೂಮೇ ಏನೋ ತಪ್ಪು ಕೇಳಿಸಿಕೊಂಡಳು ಎಂದಾಗುತ್ತದೆ, ಭಾನುವಾರಗಳೂ ಉಳಿಯುತ್ತವೆ. ಒಂದಕ್ಷರ ಸುಳ್ಳಿಲ್ಲ. ಇಷ್ಟು ಸತ್ಯಗಳಿಂದ ಕಟ್ಟಿದ ಸುಳ್ಳನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ತಾವ್ ಕಾಗದವನ್ನು ಎರಡು ಸಲ ಓದಿ, ತನ್ನ ತಿಂಡಿ ಡಬ್ಬಿಯಿಂದ ಆವಿಯಲ್ಲಿ ಬೇಯಿಸಿದ ಎರಡು ಬನ್ನು ತೆಗೆದು ಅವನ ಕೈಗಿಟ್ಟಳು. "ಖಾಲಿ ಹೊಟ್ಟೇಲಿ ಬಂದಿದೀರಿ. ತಿನ್ನಿ." ಅವನು ಬೇಡವೆನ್ನಲಾರದೆ ಅವಳೆದುರೇ ತಿಂದ. ಒಳಗೆ ಸೊಪ್ಪಿತ್ತು. ಎರಡನೆಯದು ಗಂಟಲಲ್ಲಿ ನಿಂತಿತು. ಅವಳೇ ನೀರು ಕೊಟ್ಟಳು. "ಲಿಧಾನ," ಎಂದಳು.

ಏಳನೇ ಮಹಡಿಗೆ ಅವನು ಲಿಫ್ಟಿನಲ್ಲಿ ಹೋಗಲಿಲ್ಲ. ಮೆಟ್ಟಿಲಾದರೆ ತಡವಾಗುತ್ತದೆ. ನಾಲ್ಕನೇ ಮಹಡಿಯ ತಿರುವಿನಲ್ಲಿ ನಿಂತು ಏದುಸಿರು ಬಿಡುತ್ತ, ನಾನು ಮಾತ್ರೆ ಬಿಡು ಅಂತ ಹೇಳಲಿಲ್ಲ ಎಂದು ಗೋಡೆಗೆ ಹೇಳಿದ. ಗುಂಪು ಬದಲಾಗಿದೆ ಅಂತಷ್ಟೇ ಹೇಳಿದ್ದು. ಆ ವಾಕ್ಯವನ್ನು ನಿಲ್ದಾಣದ ಮುಖ್ಯಸ್ಥನ ದನಿಯಲ್ಲಿ ಹೇಳಿದರೆ ನಂಬುವ ಹಾಗಿತ್ತು. ಲೌಡ್‌ಸ್ಪೀಕರಿನ ದನಿಯಲ್ಲಿ ಇನ್ನೂ ಹೆಚ್ಚು. ತನ್ನ ದನಿಯಲ್ಲಿ ಹೇಳಿ ನೋಡೋಣ ಎಂದು ಬಾಯಿ ತೆರೆದವನಿಗೆ ಅದು ಎಲ್ಲಿಂದ ಶುರುವಾಗುತ್ತದೆಂದು ಗೊತ್ತಾಗಲಿಲ್ಲ.

ನಿಂಗ್ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದ. ಬಾಯಿಯ ಬಲ ಮೂಲೆ ಕೆಳಗೆ ಎಳೆದುಕೊಂಡು, ಮುಖ ಯಾವುದೋ ಜೋಕಿನ ಅರ್ಧದಲ್ಲಿ ನಿಂತ ಹಾಗಿತ್ತು. ಕ್ವಾಂಗ್‌ನನ್ನು ಕಂಡದ್ದೇ ಅವನ ಎಡಗಣ್ಣು ಅರಳಿತು. ಗಂಟಲಿಂದ ಆ ಆ ಎಂಬ ಸದ್ದು ಬಂತು. ಯೂಮೇ ಕುದಿಸಿ ನುರಿದ ಗಂಜಿಯನ್ನು ಚಮಚದಲ್ಲಿ ಕೊಡುತ್ತಿದ್ದಳು. ಅದರ ನಡುವೆ ಪುಡಿ ಮಾಡಿದ ಮಾತ್ರೆ.

"ಬನ್ನಿ ಅಣ್ಣ. ನೋಡ್ರೀ, ನಿಮ್ಮ ಲೌಡ್‌ಸ್ಪೀಕರ್ ಬಂದ್ರು. ಅಣ್ಣ, ನೀವು ಬಂದ್ರೆ ಎರಡು ಚಮಚ ಜಾಸ್ತಿ ನುಂಗ್ತಾರೆ, ಇಲ್ದಿದ್ರೆ ಎಲ್ಲ ಉಗೀತಾರೆ. ಏನಾದ್ರೂ ಮಾಡಿ ತೋರ್ಸಿ. ಆ ಕೆಮ್ಮೋದು ಮಾಡಿ."

ಕ್ವಾಂಗ್ ನಿಲ್ದಾಣದ ಮುಖ್ಯಸ್ಥನ ಹಾಗೆ ಕೆಮ್ಮಿದ. ನಿಂಗ್‌ನ ಎಡಗೆನ್ನೆ ನಡುಗಿತು, ಚಮಚ ಒಳಗೆ ಹೋಯಿತು. ಮತ್ತೊಮ್ಮೆ ಕೆಮ್ಮಿದ. ಮತ್ತೊಂದು ಚಮಚ. ಗಂಜಿ ಮುಗಿಯುವ ತನಕ ಅವನು ಆ ಹಾಸಿಗೆಯ ಕಾಲಬುಡದಲ್ಲಿ ನಿಂತು, ತೀರಿಹೋಗಿ ಹತ್ತು ವರ್ಷವಾದವನೊಬ್ಬನ ಕೆಮ್ಮನ್ನು ಕೆಮ್ಮಿದ. ಆಮೇಲೆ ನಿಂಗ್‌ಗೆ ಜೊಂಪು ಹತ್ತಿತು. ಯೂಮೇ ಬಿಸಿನೀರಿನ ಫ್ಲಾಸ್ಕ್ ಎತ್ತಿಕೊಂಡು, ಬನ್ನಿ ಎಂದು ಕಣ್ಣಲ್ಲೇ ಕರೆದು ಹೊರಗೆ ನಡೆದಳು.

ನೀರು ಕಾಯಿಸುವ ದೊಡ್ಡ ಪೆಟ್ಟಿಗೆ ಪಡಸಾಲೆಯ ಕೊನೆಯಲ್ಲಿತ್ತು. ಅಲ್ಲಿ ಯಾರೂ ಇರಲಿಲ್ಲ.

"ಮೂರು ಗಂಟೆಗೆ ನೀವೂ ಬರ್ಬೇಕು ಅಣ್ಣ. ಅಲ್ಲೆಲ್ಲ ಓದಿದೋರು ಕೂತಿರ್ತಾರೆ, ನನ್ನ ಮಾತು ಕೇಳ್ತಾರಾ? ಆ ಹೆಂಗ್ಸು ಬಂದೇ ಇಲ್ಲ ಅಂತಾಳಂತೆ. ನಾನು ಅಡುಗೆಮನೇಲಿ ಮೀನು ತೊಳೀತಾ ನನ್ನ ಕಿವಿಯಾರೆ ಕೇಳಿದೀನಿ. 'ಲಿಂಗ್ ಶಿಫು' ಅಂದ್ಲು. ಹಾಗೆ ಇನ್ಯಾರು ಅಂತಾರೆ? ಅವಳ ಕೆಲಸ ಹೋಗೋ ತನಕ ನಾನು ಬಿಡಲ್ಲ."

"ಯೂಮೇ, ಅವಳು ಬಂದಿರ್ಲಿಲ್ಲ."

"ನಿಮ್ಗೇನು ಗೊತ್ತು?"

"ಗುಂಡಿ ಒತ್ತಿದ್ದು ನಾನು."

ಅವಳು ನಲ್ಲಿ ತಿರುಗಿಸುತ್ತಿದ್ದವಳು ನಿಲ್ಲಿಸಿ ನೋಡಿದಳು. ಕೋಪದಿಂದಲ್ಲ, ಮುದುಕರು ಏನೋ ತಪ್ಪಿ ಮಾತಾಡಿದಾಗ ನೋಡುವ ಹಾಗೆ.

"ಅಣ್ಣ, ನಿಮಗೆ ಎಲ್ಲರ ಮೇಲೂ ಮರುಕ. ಅವಳು ಬಂದು ಅತ್ತಳಾ ನಿಮ್ಮ ಹತ್ರ?"

"ಇಲ್ಲ. ನಾನೇ. ತಮಾಷೆಗೆ. ನೀವು ನಗ್ತೀರಿ ಅಂತ."

"ಸುಮ್ನಿರಿ. ಅದು ಹೆಂಗ್ಸಿನ ದನಿ. ನಾನು ಕೇಳಿದೀನಿ."

ನಂಬಲಿಲ್ಲ. ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಹೇಳಿದ್ದೇನೆ, ಅವಳು ನಂಬಲಿಲ್ಲ, ಇನ್ನೇನು ಮಾಡಲಿ ಎಂದು ಮೆಟ್ಟಿಲಿಳಿದು ಹೋಗಬಹುದಿತ್ತು. ಆ ಬಾಗಿಲು ಎಷ್ಟು ಅಗಲವಾಗಿ ತೆರೆದಿತ್ತೆಂದರೆ ಅದರಾಚೆಯ 402ರ ಊಟದ ಮೇಜು, ಅವನ ಕುರ್ಚಿ, ಅವನದೇ ಎಂದಾಗಿಹೋಗಿದ್ದ ನೀಲಿ ಅಂಚಿನ ಬಟ್ಟಲು ಎಲ್ಲ ಕಾಣುತ್ತಿದ್ದವು. ಅವನು ಗೋಡೆಯ ಕಡೆ ತಿರುಗಿ ನಿಂತ. ಬೆಳಗಿನಿಂದ ಹಲ್ಲಿನಡಿಯಲ್ಲಿ ಅದುಮಿಟ್ಟಿದ್ದ ದನಿಯನ್ನು ಬಿಟ್ಟ. "ಲಿಂಗ್ ಶಿಫು, ಲಾನು, ಆಸ್ಪತ್ರೆಯ ತಾವ್. ಲಿಮ್ಮ ಗುಂಪು ಬದಲಾಗಿದೆ. ಇವತ್ತಿಂದ ಲೀವು ಕಿವಿ ಗುಂಪು." ಚೆನ್ನಾಗಿ ಬಂತು. ಅದೇ ಭಯಂಕರ. ಇಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಆ ಹೆಂಗಸಿನ ದಣಿವು ಕೂಡ ಅದರಲ್ಲಿತ್ತು. ಹಾಲಿನ ಡಬ್ಬ, ನಾಲ್ಕು ಸಲ, ನೋವು, ಹೊಟ್ಟೆ ಉರಿ ಎಲ್ಲವನ್ನೂ ಕ್ರಮವಾಗಿ ಹೇಳಿ, ಅವತ್ತು ಎಲ್ಲಿ ಬೆರಳು ತೆಗೆದಿದ್ದನೋ ಅಲ್ಲಿಗೇ ನಿಂತ. ನಿಂತಲ್ಲಿ ಪೆಟ್ಟಿಗೆಯೊಳಗೆ ನೀರು ಕುದಿಯುವುದು ಕೇಳಿಸಿತು.

ತಿರುಗಿದಾಗ ಯೂಮೇ ಫ್ಲಾಸ್ಕನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದಳು. ಬಾಯಿ ಬಿಟ್ಟು ಉಸಿರಾಡುತ್ತಿದ್ದಳು.

"ಅವರು ಮಾತ್ರೆ ಬಿಟ್ಟಿದ್ದು ನಿಮಗೆ ಗೊತ್ತಿತ್ತಾ?"

ಅದೊಂದನ್ನು ಅವಳು ಕೇಳಲಾರಳು ಎಂದು ಅವನು ಅಂದುಕೊಂಡಿದ್ದ.

"ಮೂರನೇ ಭಾನುವಾರ ಹೇಳಿದ. ಟೋಪಿ ತೆಗೆದಾಗ."

"ನೀವೇನಂದ್ರಿ?"

"ಹ್ಞೂಂ ಅಂದೆ."

"ನಾನು ಬಡಿಸ್ತಾ ಇದ್ದೆ," ಎಂದಳು ಯೂಮೇ. "ನಾನೂ ಕೇಳಿಸ್ಕೊಂಡೆ ಅದನ್ನ. ಹ್ಞೂಂ ಅಂದ್ರಿ. ಅಣ್ಣ ಹ್ಞೂಂ ಅಂದ್ರಲ್ಲ, ಸರಿ ಇರುತ್ತೆ ಅಂದ್ಕೊಂಡೆ." ಫ್ಲಾಸ್ಕನ್ನು ಕೆಳಗಿಟ್ಟಳು. ಅದು ಖಾಲಿಯಾಗಿತ್ತು; ತುಂಬಿಸಲು ಬಂದವಳು ಎಂಬುದೇ ಮರೆತಿದ್ದಳು. ಅಳುತ್ತಾಳೆ, ಹೊಡೆಯುತ್ತಾಳೆ, ಕೂಗಿ ವಾರ್ಡನ್ನೆಲ್ಲ ಕೂಡಿಸುತ್ತಾಳೆ ಎಂದು ಅವನು ಭುಜ ಕುಗ್ಗಿಸಿ ನಿಂತ. ಅವಳು ಕೈಗಳನ್ನು ಅಂಗಿಗೆ ಒರೆಸಿಕೊಂಡು, "ಮೂರು ಗಂಟೆಗೆ ಅಲ್ಲಿ ಬಂದು ಹೇಳಿ. ಈ ದನೀಲಲ್ಲ," ಎಂದಳು. ಎರಡು ಹೆಜ್ಜೆ ಹೋದವಳು ನಿಂತಳು. "ಆಮೇಲೆ ಅವರಿಗೂ ಹೇಳ್ಬೇಕು. ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡಿ."

ಆಡಳಿತದ ಕೋಣೆಯಲ್ಲಿ ಉದ್ದ ಮೇಜು, ಮುಚ್ಚಳವಿದ್ದ ಐದು ಟೀ ಲೋಟ. ತಾವ್ ಒಂದು ಕೊನೆಯಲ್ಲಿ, ಅವನು ಬರೆದುಕೊಟ್ಟ ಕಾಗದವನ್ನು ಅಂಗೈಯಡಿ ಇಟ್ಟುಕೊಂಡು ಕುಳಿತಿದ್ದಳು. ಅವನನ್ನು ಕಂಡು ಸಣ್ಣಗೆ ನಕ್ಕಳು, ನನ್ನ ಕಡೆಯವರು ಬಂದರು ಎಂಬಂತೆ. ಹೆಸರು ಕೇಳಿದರು. ಹೇಳಿದ. ಯಾವ ದೆಲಿನ್, ಯಾವ ಅಕ್ಷರದ ಲಿನ್ ಎಂದು ಬರೆದುಕೊಳ್ಳುವಾಕೆ ಕೇಳಿದಳು. ಕಾಡು ಎಂಬರ್ಥದ ಅಕ್ಷರದ ಲಿನ್ ಎಂದ. ಆಮೇಲೆ ಆ ಭಾನುವಾರ ಹೇಳಿದ. ಮಧ್ಯದಲ್ಲಿ ಮೇಜಿನಾಚೆಯ ಕನ್ನಡಕದವನು ಎರಡು ಸಲ, ಸ್ವಲ್ಪ ಜೋರಾಗಿ ಹೇಳಿ ಯಜಮಾನ್ರೇ, ಕೇಳಿಸ್ತಾ ಇಲ್ಲ ಎಂದ. ಅವನು ಜೋರು ಮಾಡಲು ನೋಡಿದ. ಬಂದದ್ದು ಬಿರುಕುಬಿಟ್ಟ, ತೆಳ್ಳನೆಯ, ಯಾರದೋ ಮುದುಕನ ದನಿ. ಅದಕ್ಕೆ ಏರಿಳಿತವಿರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂಬುದೂ ಅದಕ್ಕೆ ತಿಳಿದಿರಲಿಲ್ಲ. ಎಂದೂ ಕೇಳಿರದ ಆ ದನಿಯನ್ನು ಅವನು ಸ್ವತಃ ಕಿವಿಗೊಟ್ಟು ಕೇಳುತ್ತಿದ್ದ. ಹೇಳಿ ಮುಗಿಸಿದ. ತಾವ್ ಅವನ ಕಡೆ ನೋಡದೆ, ಕಾಗದವನ್ನು ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು. ಆಮೇಲೆ ಕನ್ನಡಕದವನನ್ನು ಕೇಳಿದಳು: "ಇವರ ಹನ್ನೆರಡನೇ ವಾರದ ರಕ್ತ ಬೆಳಿಗ್ಗೆ ತಗೊಂಡಾಗಿದೆ ಸಾರ್. ಲಂಬಿ ಲೆಕ್ಕಕ್ಕೆ ಸೇರಿಸ್ಬಹುದಾ?" ಅಲ್ಲಿದ್ದ ಯಾರಿಗೂ ಅವಳ ಉಚ್ಚಾರಕ್ಕೆ ನಗು ಬರಲಿಲ್ಲ.

ನಿಂಗ್ ಎಚ್ಚರವಾಗಿದ್ದ. ಯೂಮೇ ಬಾಗಿಲ ಹೊರಗೇ ನಿಂತಳು. ಕ್ವಾಂಗ್ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಅದೇ ಬಿರುಕು ದನಿಯಲ್ಲಿ ಹೇಳಿದ. ಮೊದಲ ಮಾತಿಗೆ ನಿಂಗ್‌ನ ಎಡಗೆನ್ನೆ ಎದ್ದಿತು. ಏನೋ ಹೊಸ ಅನುಕರಣೆ ಎಂದುಕೊಂಡ, ಯಾರೋ ಮುದುಕನನ್ನು ಮಾಡುತ್ತಿದ್ದಾನೆ ಎಂದುಕೊಂಡ. ಹೋಗುತ್ತ ಹೋಗುತ್ತ ಕೆನ್ನೆ ಇಳಿಯಿತು. ಮರದ ಹಿಂದೆ ನಿಂತದ್ದನ್ನು ಹೇಳುವಾಗ ನಿಂಗ್ ಕಣ್ಣು ಮುಚ್ಚಿದ. ಹ್ಞೂಂ ಎಂದದ್ದನ್ನು ಹೇಳುವಷ್ಟರಲ್ಲಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡಿದ್ದ. ಅಷ್ಟು ತಿರುಗಲು ಅವನಿಗೆ ಬಹಳ ಹೊತ್ತು ಹಿಡಿಯಿತು, ಕುತ್ತಿಗೆಯ ನರಗಳು ಎದ್ದು ನಿಂತವು. ಸಹಾಯಕ್ಕೆಂದು ಚಾಚಿದ ಕೈಯನ್ನು ಕ್ವಾಂಗ್ ಅರ್ಧಕ್ಕೇ ಹಿಂದಕ್ಕೆಳೆದುಕೊಂಡ.

ಹೊರಗೆ ಬಂದಾಗ ಯೂಮೇ ಗೋಡೆಗೆ ಒರಗಿದ್ದಳು. ಅವಳನ್ನು ದಾಟಿ ಮೆಟ್ಟಿಲ ತನಕ ಹೋದ. ಮೊದಲ ಮೆಟ್ಟಿಲಿಳಿದ.

"ನಾಳೆ ಬರ್ಬೇಡಿ," ಎಂದಳು ಹಿಂದಿನಿಂದ.

ಅವನು ತಲೆಯಾಡಿಸಿದ. ಇನ್ನೊಂದು ಮೆಟ್ಟಿಲು.

"ನಾಡಿದ್ದು ಬನ್ನಿ. ನಾಡಿದ್ದು ಅವರನ್ನ ಎಬ್ಬಿಸಿ ಕೂರಿಸ್ತಾರಂತೆ, ಹಿಡ್ಕೊಳ್ಳೋಕೆ ಒಬ್ರು ಬೇಕಂತೆ. ನನ್ನೊಬ್ಬಳ ಕೈಲಿ ಆಗಲ್ಲ."